ಎರಡು ಬೆರಳಗಲ

ಬರೆದ ಅಂಕಿಗಳು ಸೊಟ್ಟಗಾಗುತ್ತಿದ್ದವು. ಲಾರಿ ಕುಲುಕುತ್ತದಲ್ಲ, ಅದಕ್ಕೇ, ಎಂದು ಸಂಘಮಿತ್ರಾ ತನಗೆ ತಾನೇ ಹೇಳಿಕೊಂಡಳು. ಆದರೆ ದೇವದುರ್ಗದ ಗೋದಾಮಿನ ಮುಂದೆ ಹಮಾಲರು ಭತ್ತದ ಚೀಲ ಏರಿಸುತ್ತಿದ್ದಷ್ಟು ಹೊತ್ತೂ ಲಾರಿ ನಿಂತೇ ಇತ್ತು. ಆಗ ಬರೆದ ತಾರೀಖು ಕೂಡ ಸೊಟ್ಟಗೇ ಇತ್ತು. ಡ್ರೈವರ್ ಸೀಟಿನ ಹಿಂದಿನ ಹಲಗೆಯ ಮೇಲೆ ಕಾಲು ಮಡಚಿ ಕೂತಿದ್ದ ಅವಳಿಗೆ ಮುಂದೆ ಕಾಣುತ್ತಿದ್ದುದು ಎರಡು ಕುತ್ತಿಗೆಗಳು. ಬಲಗಡೆಯದು ಅಣ್ಣ ಹುಲಿಗೇಶನದು, ಬಿಸಿಲಿಗೆ ಸುಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದು. ಎಡಗಡೆಯದು ಅನಿಲಕುಮಾರನದು, ಹೊಸದಾಗಿ ಕ್ಷೌರ ಮಾಡಿಸಿಕೊಂಡದ್ದು, ಕಾಲರಿನ ಒಳಗೆ ಮಡಚಿಟ್ಟ ಕರವಸ್ತ್ರ. ಅವನ ತೊಡೆಯ ಮೇಲೆ ಗಡಿಯಾರದಂಥ ಒಂದು ಮೀಟರು. ಅದರ ಬಾಲದಂಥ ಸಣ್ಣ ಪೈಪು ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಿ ಇಂಜಿನ್ನಿನ ಕಡೆ ಹೋಗಿತ್ತು. ಟರ್ಬೋ ಇಂಜಿನ್ನಿಗೆ ಗಾಳಿಯನ್ನು ಎಷ್ಟು ಒತ್ತಿ ಕಳಿಸುತ್ತದೆ ಎಂದು ಆ ಮುಳ್ಳು ಹೇಳುತ್ತಿತ್ತು. ಅವನು ಓದಿ ಹೇಳಬೇಕು, ಇವಳು ಬರೆಯಬೇಕು. ಅಷ್ಟೇ ಕೆಲಸ.

"ಹದಿನೆಂಟು," ಅಂದ ಅನಿಲಕುಮಾರ.

"ಏನ್ ಇಂಜಿನಿಯರ್ ಸಾಹೇಬ್ರ, ನನ್ನ ಗಾಡೀದು ಬಿ.ಪಿ. ನೋಡಾಕತ್ತೀರೇನು?" ಎಂದ ಹುಲಿಗೇಶ.

"ಇಂಜಿನಿಯರ್ ಅಲ್ಲಪಾ. ಕರೆಂಟ್ ಪ್ಲಾಂಟಿನ್ಯಾಗ ಕಂತ್ರಾಟ ಟೆಕ್ನಿಷಿಯನ್."

"ಶಕ್ತಿನಗರದಾಗ ಎಲ್ಲಾರೂ ಇಂಜಿನಿಯರೇ ಬಿಡ್ರಿ. ಅಲ್ಲಿ ಚಾ ಮಾರಾಂವನೂ ಬಾಯ್ಲರಿನ ಮಾತೇ ಆಡ್ತಾನ. ಹೌದಲ್ಲೇ ಮಿತ್ರಿ?"

ಅವಳು ನಗಲಿಲ್ಲ. ನಗಬೇಕಿತ್ತು, ಯಾವಾಗಲೂ ನಗುತ್ತಿದ್ದಳು. ಅಣ್ಣ ಕನ್ನಡಿಯಲ್ಲಿ ಒಮ್ಮೆ ಅವಳ ಮುಖ ನೋಡಿ ಮತ್ತೆ ರಸ್ತೆ ನೋಡಿದ. ಎರಡೂ ಬದಿಗೆ ಕರಿಮಣ್ಣು, ಹತ್ತಿ ಬಿಡಿಸಿಯಾದ ಮೇಲೆ ಉಳಿದ ಒಣ ಗಿಡಗಳು, ಅಲ್ಲಲ್ಲಿ ಆನೆ ಮಲಗಿದಂಥ ಬಂಡೆಗಳು. ಹಿಂದೆ ಹದಿನೈದು ಟನ್ ಭತ್ತ. ಮಾನ್ವಿಯ ರೈಸ್ ಮಿಲ್ಲಿಗೆ ಹೋಗಬೇಕಾದ ಈ ದಾರಿಯಲ್ಲಿ ಇನ್ನೊಂದು ಸ್ವಲ್ಪ ಹೊತ್ತಿಗೆ ಏರು ಬರುತ್ತದೆ ಎಂದು ಇಬ್ಬರೂ ಬೆಳಿಗ್ಗೆಯಿಂದ ಮಾತಾಡಿಕೊಳ್ಳುತ್ತಿದ್ದರು. ಏರಿನಲ್ಲೇ ಪರೀಕ್ಷೆ. ಏರು ಎಂಬ ಮಾತು ಬಂದಾಗಲೆಲ್ಲ ಅವಳ ಬೆರಳ ತುದಿಗಳು ತಣ್ಣಗಾಗುತ್ತಿದ್ದವು. ಹೆಬ್ಬೆರಳಿನಿಂದ ತೋರುಬೆರಳನ್ನು ಸವರಿಕೊಂಡಳು. ಅಲ್ಲಿ ಏನೂ ಇರಲಿಲ್ಲ. ನುಣುಪು.

ಶುಕ್ರವಾರ ಮಧ್ಯಾಹ್ನ ಆ ಬೆರಳಡಿ ಒಂದು ಒರಟು ಇತ್ತು. ರಾಯಚೂರಿನ ನಯೀಮಣ್ಣನ ಗ್ಯಾರೇಜಿನಲ್ಲಿ ಅವಳು ಕೂರುವ ಜಾಗ ಹಿಂದಿನ ಗೋಡೆಯ ಹತ್ತಿರ, ಸೀಮೆಎಣ್ಣೆಯ ತೊಟ್ಟಿಯ ಮುಂದೆ. ಅಲ್ಲಿ ಬರೀ ಟರ್ಬೋಗಳ ರಿಪೇರಿ. ತೊಟ್ಟಿಯ ಎಡಕ್ಕೊಂದು ಗೋಣಿಚೀಲ, ಬಲಕ್ಕೊಂದು ಗೋಣಿಚೀಲ. ಎಡಗಡೆ ಇಟ್ಟದ್ದನ್ನೆಲ್ಲ ಮುಖ ಕಾಣುವ ತನಕ ಉಜ್ಜಬೇಕು. ಬಲಗಡೆ ಇಟ್ಟದ್ದನ್ನು ತೊಳೆದು ಬಿಡಬೇಕು, ಉಜ್ಜುವ ಹಾಗಿಲ್ಲ. ಐದು ವರ್ಷದಿಂದ ನಡೆದು ಬಂದ ಪದ್ಧತಿ. ಇದರಲ್ಲಿ ಮಾತಿನ ಅಗತ್ಯವೇ ಇರಲಿಲ್ಲ. ಆದ್ದರಿಂದಲೇ ಆ ಕೆಲಸ ಅವಳಿಗೆ ಸೇರಿತ್ತು. ಲಾರಿ ಮಾಲೀಕರು ಬಂದು ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಅಲ್ಯೂಮಿನಿಯಂ ಬೆಳ್ಳಿಯ ಹಾಗೆ ಹೊಳೆದರೆ, ಕೆಲಸ ಚೊಲೊ ಆಗ್ಯದ ಅನ್ನುತ್ತಿದ್ದರು. ನಯೀಮಣ್ಣ ಸುಮ್ಮನೆ ಹೆಬ್ಬೆರಳಿನಿಂದ ಹಿಂದಿನ ಗೋಡೆಯ ಕಡೆ ತೋರಿಸುತ್ತಿದ್ದ. ಆ ಹೆಬ್ಬೆರಳೇ ಅವಳಿಗೆ ಸಿಗುತ್ತಿದ್ದ ಹೊಗಳಿಕೆ. ಆ ಶುಕ್ರವಾರ ನಯೀಮಣ್ಣ ನಮಾಜಿಗೆ ಹೋಗಿದ್ದ. ಅನಿಲಕುಮಾರ ಬೈಕಿನಿಂದ ಇಳಿದು ಬಂದು, ಹಾಳೆಯಲ್ಲಿ ಸುತ್ತಿದ್ದ ಟರ್ಬೋದ ಮೇಲಿನ ಚಿಪ್ಪೊಂದನ್ನು ಅವಳ ಕಡೆ ನೋಡದೆಯೇ ಎಡಗಡೆಯ ಗೋಣಿಚೀಲದ ಮೇಲೆ ಇಟ್ಟು, ಫೋನಿನಲ್ಲಿ ಮಾತಾಡುತ್ತ ಹೊರಟುಹೋದ. ಎಡ ಯಾವುದು ಬಲ ಯಾವುದು ಎಂದು ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಅವಳಾದರೂ ಹೇಳಬಹುದಿತ್ತು.

"ಇಪ್ಪತ್ತು. ಬರ್ಕೋ."

ಇಪ್ಪತ್ತು. ಹಾಳೆ ಬಿಚ್ಚಿದಾಗ ಚಿಪ್ಪಿನ ಒಳಮೈಯಲ್ಲಿ, ಗಾಳಿ ಚಕ್ರದಿಂದ ಹೊರಬಿದ್ದು ಅಗಲವಾಗಿ ಹರಿಯುವ ಜಾಗದಲ್ಲಿ, ಒಂದು ಕಂದು ಬಳೆ ಇತ್ತು. ಮೊದಲು ಎಣ್ಣೆ ಸುಟ್ಟು ಅಂಟಿದ ಕಿಟ್ಟ ಅನ್ನಿಸಿತು. ಬೆರಳು ಇಟ್ಟಳು. ಕಿಟ್ಟ ಹಾಗಿರುವುದಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ, ಉಗುರಿಗೆ ಸಿಕ್ಕರೆ ಪುಡಿಯಾಗುತ್ತದೆ. ಇದು ಸುತ್ತಲೂ ಒಂದೇ ಸಮ, ಬೆಕ್ಕಿನ ನಾಲಗೆಯ ಹಾಗೆ. ಸಣ್ಣ ಮರಳನ್ನು ಯಾರೋ ಜರಡಿ ಹಿಡಿದು, ಗೋಂದಿನಲ್ಲಿ ಕೂರಿಸಿದ್ದರು. ಸರಿಯಾಗಿ ಎರಡು ಬೆರಳಗಲ. ಹೊರಗಿನ ಅಂಚಿಗೆ ತಾಗದೆ ಒಂದು ಕೂದಲೆಳೆಯಷ್ಟು ಜಾಗ ಬಿಟ್ಟಿತ್ತು. ಬಿಟ್ಟಿತ್ತು ಎಂದಲ್ಲ, ಬಿಡಲಾಗಿತ್ತು. ಅದೆಲ್ಲ ಅವಳ ಬೆರಳಿಗೆ ಒಂದೇ ಸುತ್ತಿನಲ್ಲಿ ತಿಳಿದುಹೋಯಿತು. ಬೆರಳಿಗೆ ತಿಳಿದದ್ದು ಅವಳಿಗೆ ತಿಳಿದ ಹಾಗಲ್ಲವೇ? ಶುಕ್ರವಾರದಿಂದ ಅವಳು ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತಿದ್ದಳು, ತಾನು ಉಜ್ಜಿದ ಹಾಗೇ, ಸುತ್ತಿ ಸುತ್ತಿ.

ಆ ಶುಕ್ರವಾರಕ್ಕೂ ಎರಡು ದಿನ ಮೊದಲು ಅನಿಲಕುಮಾರ ನಯೀಮಣ್ಣನಿಗೆ ಇದೇ ವಿಷಯ ವಿವರಿಸುತ್ತಿದ್ದ. ಟರ್ಬೋದೊಳಗೆ ದೊಡ್ಡ ಫ್ಯಾನ್ ಹಾಕಿದರೆ ಗಾಡಿ ಚೆನ್ನಾಗಿ ಜಗ್ಗುತ್ತದೆ, ಹೊಗೆ ಕಡಿಮೆ. ಆದರೆ ಏರಿನಲ್ಲಿ ಇಂಜಿನ್ ನಿಧಾನವಾದಾಗ ಅಷ್ಟು ಗಾಳಿ ಮುಂದೆ ಹೋಗಲಾರದೆ ಗೋಡೆಯ ಅಂಚಿನಲ್ಲಿ ಹಿಂದಕ್ಕೆ ತಿರುಗುತ್ತದೆ. "ಕಾಲುವಿ ದಂಡ್ಯಾಗ ನೀರು ಹಿಂದಕ್ಕ ಸುತ್ತತದಲ್ಲ ನಯೀಮಣ್ಣ, ಹಂಗ. ಒಂದ್ಸರ್ತಿ ಸುತ್ತಾಕ ಹತ್ತಿದ್ರ ಅಷ್ಟೂ ಗಾಳಿ ವಾಪಸ್ ನುಗ್ಗತದ. ಅದೇ ಕೆಮ್ಮು. ದಂಡಿ ಒಂಚೂರು ಖರಖರ ಮಾಡಿದ್ರ ಗಾಳಿ ಅಲ್ಲೇ ಸಣ್ಣ ಸಣ್ಣ ಸುಳಿ ಆಗಿ ಗ್ವಾಡಿ ಬಿಡಂಗಿಲ್ಲ, ಹಿಂದಕ್ಕ ತಿರುಗಂಗಿಲ್ಲ." ಎಲ್ಲರೂ ನುಣುಪು ಮಾಡುವುದನ್ನೇ ಕಲಿಸಿದ ಲೋಕದಲ್ಲಿ ಒಬ್ಬನು ಒರಟೇ ಒಳ್ಳೆಯದು ಅನ್ನುತ್ತಿದ್ದ. ಅವಳು ಒದ್ದೆ ಕೈಯಲ್ಲೇ ಎದ್ದು ನಿಂತು ಕೇಳುತ್ತಿದ್ದಳು. ತಾನು ಎದ್ದು ನಿಂತದ್ದು ಅವಳಿಗೇ ಗೊತ್ತಾಗಿರಲಿಲ್ಲ. ಆಗ ಅವನು ತಿರುಗಿ ನೋಡಿ, "ಆಕಿಗೇನ್ ತಿಳೀತದ ಪಾಪ, ತೊಳಿಯಾಕಿ," ಎಂದು ನಕ್ಕ. ಕೆಟ್ಟ ನಗೆಯೂ ಅಲ್ಲ. ಅವಳ ಅವ್ವ ಶೇಖಮ್ಮ ನಮ್ಮ ಓಣಿಯ ಹುಡುಗ ಎಂದು ಎಲ್ಲರಿಗೂ ತೋರಿಸುತ್ತಿದ್ದವನು, ಓಣಿಯ ಜಯಂತಿಯ ದಿನ ಹಾರ ಹಾಕಿಸಿಕೊಂಡು ಪಟ ತೆಗೆಸಿಕೊಂಡವನು, ಈ ಅನಿಲಕುಮಾರ. ಅವಳು ಕೂತುಕೊಂಡಳು. ಒಂಬತ್ತನೇ ತರಗತಿಯಲ್ಲಿಯೂ ಹೀಗೇ ಆಗಿತ್ತು; ಉತ್ತರ ಗೊತ್ತಿತ್ತು, ನಿಂತಿದ್ದಳು, ಬಾಯಿ ತೆರೆಯಲಿಲ್ಲ, ಇಡೀ ತರಗತಿ ನಕ್ಕಿತು, ಮರುದಿನದಿಂದ ಅವಳು ಹೋಗಲಿಲ್ಲ. ಶುಕ್ರವಾರ ಅವಳು ಎಮರಿ ಕಾಗದವನ್ನು ಸೀಮೆಎಣ್ಣೆಯಲ್ಲಿ ನೆನೆಸಿದಳು. ಎಡಗಡೆ ಇಟ್ಟಿದ್ದಾರೆ, ಉಜ್ಜಬೇಕು. ಗೋಂದು ಸುಲಭಕ್ಕೆ ಬಿಡಲಿಲ್ಲ. ಬಿಡದಿದ್ದಷ್ಟೂ ಕೈಗೆ ಒಂದು ಬಗೆಯ ಸಂತೋಷ ಬಂತು. ಸಂಜೆಯ ಹೊತ್ತಿಗೆ ಆ ಗೋಡೆಯಲ್ಲಿ ಅವಳ ಮುಖ ಕಂಡಿತು. ಮರುದಿನ ಬೆಳಿಗ್ಗೆ ನಯೀಮಣ್ಣ ಚಿಪ್ಪನ್ನು ಬೋರಲು ಹಿಡಿದು, ಒಳಗೆ ನೋಡದೆ, ಅಣ್ಣನ ಲಾರಿಯ ಟರ್ಬೋಗೆ ಬೋಲ್ಟ್ ಬಿಗಿದ. ಅವಳು ಮಾಡಿದ ಕೆಲಸವನ್ನು ತಿರುಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಏರು ಬಂತು.

"ಗೇರ್ ಇಳಸಬ್ಯಾಡ್ರಿ," ಅಂದ ಅನಿಲಕುಮಾರ. "ಇದರಾಗೇ ಹತ್ಲಿ. ಮರಳು ಹಾಕಿದ ಹಿಂದಿನ ಮೂರು ಗಾಡಿ ಹಿಂಗೇ ಹತ್ಯಾವ. ಸುಂಕಪ್ಪನ ಗಾಡಿ ತಿಂಗಳಾತು, ಒಂದ್ಸರ್ತಿನೂ ಕೆಮ್ಮಿಲ್ಲ."

ಹುಲಿಗೇಶ ಕಾಲು ಒತ್ತಿದ. ಇಂಜಿನ್ನಿನ ದನಿ ಇಳಿದು ದಪ್ಪವಾಯಿತು. ಮೀಟರಿನ ಮುಳ್ಳು ಇಪ್ಪತ್ತೆರಡಕ್ಕೆ ಹೋಗಿ, ಅಲ್ಲಿ ನಿಲ್ಲದೆ, ಸಣ್ಣಗೆ ನಡುಗತೊಡಗಿತು. ಅನಿಲಕುಮಾರನಿಗಿಂತ ಮೊದಲು ಅವಳು ಅದನ್ನು ನೋಡಿದಳು. ಆಮೇಲೆ ಸದ್ದು ಬಂತು. ಭುಸ್. ದೊಡ್ಡದೇನಲ್ಲ, ಎತ್ತು ಮೂಗಿನಿಂದ ಉಸಿರು ಬಿಟ್ಟ ಹಾಗೆ. ಮತ್ತೆ ಭುಸ್. ಭುಸ್.

"ಇದು ಬರಬಾರದು," ಎಂದ ಅನಿಲಕುಮಾರ. ಯಾರಿಗೂ ಅಲ್ಲ, ಮೀಟರಿಗೆ.

ಈಗ ಹೇಳು. ಅವಳ ಬಾಯಿಯೊಳಗೆ ಮಾತು ಸಿದ್ಧವಾಗಿತ್ತು, ನಾಲ್ಕೇ ಶಬ್ದ: ಮರಳನ್ನ ನಾ ಉಜ್ಜಿ ತಗದೀನ್ರಿ. ಮುಂದೆ ಎರಡು ಕುತ್ತಿಗೆಗಳು. ಅಣ್ಣನ ಕುತ್ತಿಗೆಯ ಮೇಲೆ ಬೆವರಿನ ಒಂದು ಗೆರೆ ಇಳಿಯುತ್ತಿತ್ತು. ಅದು ಅಂಗಿಯ ಅಂಚು ಮುಟ್ಟಿದ ಮೇಲೆ ಹೇಳುತ್ತೇನೆ ಅಂದುಕೊಂಡಳು. ಮುಟ್ಟಿತು. "ಮಿತ್ರಿ, ಬರದೀಯೇನಲೇ?" ಅಂದ ಅಣ್ಣ. "ಬರದೆ," ಅಂದಳು. ದನಿ ಬಂತು. ದನಿ ಇಷ್ಟು ಸಲೀಸಾಗಿ ಬಂದದ್ದಕ್ಕೇ ಅವಳಿಗೆ ಹೆದರಿಕೆಯಾಯಿತು. ಹಾಗಾದರೆ ದನಿಯಿದೆ, ಹೇಳದಿರುವುದು ನಾಚಿಕೆಯಿಂದಲ್ಲ.

"ಇನ್ನೊಂಚೂರು ಒತ್ರಿ, ನೋಡೂಣ. ಒಮ್ಮಿ ಜಗ್ಗಿದ್ರ ಸರಿ ಆಗ್ತದ."

ಸರಿಯಾಗಲಿಲ್ಲ. ಕಬ್ಬಿಣದ ತಟ್ಟೆಯನ್ನು ಕಲ್ಲಿನ ಮೇಲೆ ಎಸೆದಂಥ ಸದ್ದಾಯಿತು. ಮುಳ್ಳು ಸೊನ್ನೆಗೆ ಬಿತ್ತು. ಅದರ ಹಿಂದೆಯೇ ಇಂಜಿನ್ನು ತಾನಾಗಿ ಚೀರತೊಡಗಿತು. ಹುಲಿಗೇಶ ಕಾಲು ತೆಗೆದ. ದನಿ ಏರುತ್ತಲೇ ಹೋಯಿತು. ಚಾವಿ ತಿರುಗಿಸಿ ಹೊರಕ್ಕೆ ಎಳೆದ. ಚಾವಿ ಅವನ ಕೈಯಲ್ಲಿತ್ತು, ಇಂಜಿನ್ನು ಓಡುತ್ತಲೇ ಇತ್ತು. ಹಿಂದೆ ಬಿಳಿ ಹೊಗೆ ರಸ್ತೆಯನ್ನೆಲ್ಲ ಮುಚ್ಚಿತು. "ಎಣ್ಣಿ ಕುಡಿಯಾಕತ್ತದ! ತನ್ನ ಎಣ್ಣಿ ತಾನೇ ಕುಡಿಯಾಕತ್ತದ!" ಎಂದು ಅನಿಲಕುಮಾರ ಕೂಗಿದ. ಹುಲಿಗೇಶ ಬ್ರೇಕಿನ ಮೇಲೆ ಎದ್ದು ನಿಂತ ಹಾಗೆ ನಿಂತು, ಮೇಲಿನ ಗೇರಿಗೆ ದಬ್ಬಿ ಕ್ಲಚ್ ಬಿಟ್ಟ. ಇಡೀ ಲಾರಿ ಮುಂದಕ್ಕೆ ಮುಗ್ಗರಿಸಿತು. ಎರಡು ಸಲ ಗುದ್ದಿ, ಇಂಜಿನ್ನು ಸತ್ತಿತು. ಆಮೇಲಿನ ನಿಶ್ಶಬ್ದದಲ್ಲಿ ಎಲ್ಲೋ ಹೊಲದಲ್ಲಿ ಟಿಟ್ಟಿಭ ಕೂಗುವುದು ಕೇಳಿಸಿತು. ಇಳಿದು ಹೋಗಿ ನೋಡುವ ಅವಸರದಲ್ಲಿ ಹುಲಿಗೇಶ ಒಡೆದ ಪೈಪಿನ ಕೆಳಗೆ ಕೈ ಹಾಕಿದ. ಕಾದ ಎಣ್ಣೆ ಮಣಿಕಟ್ಟಿನಿಂದ ಮೊಣಕೈಯವರೆಗೆ ಹರಿಯಿತು. ಅವನು ಚೀರಲಿಲ್ಲ. "ಯವ್ವಾ," ಎಂದಷ್ಟೇ ಅಂದು ರಸ್ತೆಯ ಪಕ್ಕದಲ್ಲಿ ಕುಕ್ಕರಿಸಿದ. ಅವಳು ಕುಡಿಯುವ ನೀರಿನ ಬಾಟಲಿ ಸುರಿದಳು. ಚರ್ಮ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು.

ಆಗಲೂ ಹೇಳಲಿಲ್ಲ. ಅನಿಲಕುಮಾರ ದೂರ ನಿಂತು ಫೋನ್ ಮಾಡುತ್ತಿದ್ದ. ಉಳಿದ ಮೂರು ಗಾಡಿಗಳ ಡ್ರೈವರುಗಳಿಗೆ ಒಬ್ಬೊಬ್ಬರಿಗೇ ಹೇಳುತ್ತಿದ್ದ: ನನ್ನ ಮರಳು ಕಿತ್ತು ಬಂದು ಫ್ಯಾನಿಗೆ ಬಡಿದಿದೆ, ನಿಮ್ಮ ಗಾಡಿಯಲ್ಲೂ ಬಡಿಯಬಹುದು, ಇವತ್ತೇ ಬಿಚ್ಚಿಸಿ ಉಜ್ಜಿ ತೆಗೆಸಿರಿ, ಆಮೇಲೆ ಖಾಲಿ ಗಾಡಿ ನಿಧಾನ ತನ್ನಿ. ಕೊನೆಯವನು ಸುಂಕಪ್ಪ. ಸ್ಪೀಕರಿನಲ್ಲಿ ಅವನ ಮಾತು ಅವಳಿಗೂ ಕೇಳಿಸಿತು. "ದೇವದುರ್ಗದಾಗೇ ಅದೀನ್ರೀ ಸರ, ಇಲ್ಲೇ ನಮ್ಮ ಮಿಸ್ತ್ರಿ ಅದಾನ, ಮಧ್ಯಾನದೊಳಗ ಕನ್ನಡಿ ಮಾಡಿಸಿ ಬಿಡ್ತೀನಿ." ಅವಳು ಅಣ್ಣನ ಕೈಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಮರಳು ಇದ್ದ ಮೂರೂ ಗಾಡಿಗಳು ಸುರಕ್ಷಿತವಾಗಿದ್ದವು. ಈಗ ಅವುಗಳ ಮರಳನ್ನೂ ತೆಗೆಸುತ್ತಿದ್ದಾರೆ. ಇದು ಅವಳಿಗೆ ನೀರಿನಷ್ಟು ತಿಳಿಯಾಗಿ ಕಂಡಿತು. ಆದರೂ ಅಣ್ಣನ ಸುಟ್ಟ ಕೈಯ ಎದುರಿಗೆ, ನಾನೇ, ಎಂದು ಹೇಗೆ ಹೇಳುವುದು? ಗ್ಯಾರೇಜಿಗೆ ಹೋದ ಮೇಲೆ ಚಿಪ್ಪು ಬಿಚ್ಚುತ್ತಾರೆ, ನುಣುಪು ತಾನೇ ಕಾಣುತ್ತದೆ, ತಾನು ಹೇಳಬೇಕಾಗುವುದಿಲ್ಲ. ಆ ಒಂದು ಆಸೆಯನ್ನು ಅವಳು ನಾಲ್ಕು ಗಂಟೆ ಹೊತ್ತುಕೊಂಡು ಕೂತಳು: ನಯೀಮಣ್ಣ ಟಾಟಾ ಏಸ್ ತಂದು ಟರ್ಬೋ ಕಳಚುವ ತನಕ, ಸಿರವಾರದಲ್ಲಿ ಕಂಪೌಂಡರ್ ಅಣ್ಣನ ಕೈಗೆ ಪಟ್ಟಿ ಕಟ್ಟುವ ತನಕ, ರಾಯಚೂರಿನ ಕೋಟೆಯ ಗುಡ್ಡ ಬಿಸಿಲಿನಲ್ಲಿ ಮಂಕಾಗಿ ಎದ್ದು ಬರುವ ತನಕ.

ಗ್ಯಾರೇಜಿನಲ್ಲಿ ಬೋಲ್ಟ್ ಕಳಚಿದಾಗ ಮೂವರೂ ಬಗ್ಗಿದರು. ಅವಳೂ ಬಗ್ಗಿದಳು. ಒಡೆದ ಫ್ಯಾನಿನ ರೆಕ್ಕೆಗಳು ಒಳಗೆಲ್ಲ ಉಗುರು ಹಾಕಿ ಪರಚಿದ್ದವು. ಒಂದು ನೂಲಿನಷ್ಟೂ ನುಣುಪು ಉಳಿದಿರಲಿಲ್ಲ. ಮೊದಲು ಅಲ್ಲಿ ಮರಳಿತ್ತೋ, ಹೊಳಪಿತ್ತೋ, ಯಾರೂ ಹೇಳುವ ಹಾಗಿರಲಿಲ್ಲ.

"ನನ್ನ ಮರಳೇ ಕೊಂದದ್ದು," ಎಂದ ಅನಿಲಕುಮಾರ. ಸ್ಟೂಲಿನ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಎರಡು ವರ್ಷ ಇದರ ಬೆನ್ನ ಹತ್ತಿದ್ದೆ ನಯೀಮಣ್ಣ. ಹುಲಿಗೇಶ ಇವತ್ತ ಸತ್ತಿದ್ರ?"

"ಸಾಯೂದು ಅಷ್ಟ ಸಸ್ತಾ ಅಲ್ಲ ಬಿಡ್ರಿ," ಎಂದ ಹುಲಿಗೇಶ. ಆದರೆ ಅವನ ತುಟಿಗಳು ಬೆಳ್ಳಗಿದ್ದವು.

"ಮರಳು ಇರ್ಲಿಲ್ರಿ."

ಮೂವರೂ ತಿರುಗಿದರು. ಮಾತು ಹೊರಗೆ ಬಿದ್ದಿತ್ತು. ಅವಳು ಗೋಡೆಗೆ ಒರಗಿ ನಿಂತಿದ್ದಳು. "ನಾ ಉಜ್ಜಿ ತಗದಿದ್ದೆ. ಶುಕ್ರವಾರ. ಎಡಗಡೆ ಇಟ್ಟು ಹೋಗಿದ್ರಿ."

ಅನಿಲಕುಮಾರ ಅವಳ ಕಡೆ ತಲೆ ಎತ್ತಿದ. ಆಮೇಲೆ ಅವನ ಮುಖದಲ್ಲಿ ಮೃದುವಾದದ್ದೇನೋ ಬಂತು; ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಇಲ್ಲವ್ವಾ. ನೀ ಮೇಲಿನ ಕಿಟ್ಟ ಉಜ್ಜಿರ್ತೀ. ಆ ಗೋಂದು ನಿನ್ನ ಕೈಲೆ ಬರಂಗಿಲ್ಲ. ನನ್ನ ತಪ್ಪು ನಿನ್ನ ಮ್ಯಾಲೆ ಹಾಕ್ಕೋಬ್ಯಾಡ."

"ಬೇಟಿದು ದಿಲ್ ದೊಡ್ಡದು," ಎಂದ ನಯೀಮಣ್ಣ ಕಣ್ಣೊರೆಸಿಕೊಳ್ಳುತ್ತ. "ಹೋಗವ್ವಾ, ಚಾ ಹೇಳ್ಹೋಗು."

ಬಾಗಿಲು ತೆರೆದಿತ್ತು. ಹೋಗಿ ಚಹ ಹೇಳಬಹುದು. ಹೇಳಿದ್ದಾಯಿತು, ನಂಬಲಿಲ್ಲ, ಇನ್ನು ಅವಳ ಮೇಲೆ ಏನಿದೆ? ಒಂದು ಹೆಜ್ಜೆ ಇಟ್ಟಳು ಕೂಡ. ಗೊತ್ತಿಲ್ಲದೆ ಉಜ್ಜಿದೆ ಅಂದರೆ ಅವರು ನಂಬುವುದಿಲ್ಲ. ನಂಬಬೇಕಾದರೆ ಗೊತ್ತಿತ್ತು ಅನ್ನಬೇಕು. ಬೇರೆ ದಾರಿಯಿರಲಿಲ್ಲ.

"ಎರಡು ಬೆರಳಗಲ ಇತ್ತು," ಅಂದಳು. ತನ್ನ ಎರಡು ಬೆರಳು ಎತ್ತಿ ಹಿಡಿದಳು. "ಹೊರಗಿನ ದಂಡಿಗೆ ತಾಕಿರ್ಲಿಲ್ಲ, ಕೂದಲಷ್ಟು ಬಿಟ್ಟಿದ್ರಿ. ಮರಳು ಜರಡಿ ಹಿಡಿದದ್ದು, ಎಲ್ಲಾ ಒಂದೇ ಸಮ. ಒಂದು ಕಡೆ ಮಾತ್ರ, ಗಾಳಿ ಹೊರಗ ಹೋಗೋ ಬಾಯಿ ಹತ್ರ, ನಿಮ್ಮ ಕುಂಚ ಒಂದ್ಸರ್ತಿ ಎತ್ತಿ ಮತ್ತ ಇಟ್ಟೀರಿ. ಅಲ್ಲಿ ಒಂದು ಗಂಟು ಆಗಿತ್ತು. ಅದನ್ನ ತಗಿಯಾಕ ಭಾಳ ಹೊತ್ತಾತು."

ಅನಿಲಕುಮಾರನ ಕೈ ತಲೆಯಿಂದ ಇಳಿಯಿತು. ಆ ಗಂಟು ಅವನಿಗೆ ನೆನಪಿತ್ತು. ಅವನ ಮುಖದ ಮೃದುತ್ವ ಪದರು ಪದರಾಗಿ ಕಳಚಿ ಬೀಳುವುದನ್ನು ಅವಳು ನೋಡಿದಳು. ಜೀವಮಾನದಲ್ಲಿ ಮೊದಲ ಸಲ ಅವನು ಅವಳನ್ನು ನಿಜವಾಗಿ ನೋಡುತ್ತಿದ್ದ.

"ಗೊತ್ತಿದ್ದೂ ಉಜ್ಜಿದ್ಯಾ?"

"ಹೌದ್ರಿ."

"ಯಾಕ?"

ಅವಳು ಅಣ್ಣನ ಕಡೆ ನೋಡಿದಳು. ಹುಲಿಗೇಶ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ, ಅದು ಬೇರೆ ಯಾರದೋ ಕೈ ಎಂಬಂತೆ. "ಸುಂಕಪ್ಪ," ಎಂದಳು. "ಅವರು ಬಿಚ್ಚಿಸ್ಯಾರೋ ಏನೋ. ದೊಡ್ಡ ಫ್ಯಾನ್ ಅದ ಅದಕ್ಕ, ಮರಳಿಲ್ಲಂದ್ರ ಅದೂ ಕೆಮ್ಮತದ."

ಅನಿಲಕುಮಾರ ಆಗಲೇ ಫೋನ್ ಒತ್ತುತ್ತಿದ್ದ. ಮೊದಲನೆಯವನು ಇನ್ನೂ ಬಿಚ್ಚಿಸಿರಲಿಲ್ಲ. ಎರಡನೆಯವನು ಮಲ್ಲಟದಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಕೂತಿದ್ದ. ಮೂರನೆಯದು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಎತ್ತಿದ ಸದ್ದಾಯಿತು, ಗಾಳಿ, ಗಿಲಿಗಿಲಿ, ಹಾರ್ನು.

"ಹೇಳ್ರಿ ಸರ! ಮಸ್ತ್ ಕನ್ನಡಿ ಆಗ್ಯದ ನೋಡ್ರಿ, ಮೀಸಿ ತಿದ್ದಿಕೊಂಡೆ ಅದರಾಗ. ಹಮಾಲ್ರು ಮೊದ್ಲೇ ಏರಿಸಿಬಿಟ್ಟಿದ್ರು, ಇಳಸಾಕ ಒಪ್ಪಲಿಲ್ಲ. ತುಂಬಿಕೊಂಡೇ ಹೊಂಟೀನಿ. ಏರು ಹತ್ತಾಕತ್ತೀನಿ, ಆಮ್ಯಾಲೆ ಮಾಡ್ಲೇನು?"

ಸುಂಕಪ್ಪನ ದನಿಯ ಹಿಂದೆ, ಇಂಜಿನ್ನಿನ ದಪ್ಪ ದನಿಯ ಒಳಗೆ, ಎತ್ತಿನ ಉಸಿರಿನಂಥದ್ದನ್ನು ಅವಳು ಕೇಳಿದಳು. ಅನಿಲಕುಮಾರನ ಕೈಯಿಂದ ಫೋನ್ ಕಿತ್ತುಕೊಂಡಳು.

"ಕಾಕಾ, ಕಾಲು ತಗೀರಿ! ಗೇರ್ ಇಳಸ್ರಿ, ಬಾಜೂಕ ನಿಲ್ಲಸ್ರಿ!"

"ಏ, ಯಾರವ್ವಾ ನೀನು?" ಸುಂಕಪ್ಪ ನಗುತ್ತಿದ್ದ. "ನಂಗ ಗಾಡಿ ಹೊಡಿಯೂದು ಕಲಸ್ತೀಯೇನು?"

"ನಾನು ಸಂಘಮಿತ್ರಾ. ನಯೀಮಣ್ಣನ ಗ್ಯಾರೇಜಿನಾಗ ಉಜ್ಜಾಕಿ. ನಮ್ಮಣ್ಣನ ಕೈ ಸುಟ್ಟದ್ದು ನನ್ನಿಂದ. ನಿಮ್ಮ ಗಾಡೀನೂ ಹಂಗೇ ಆಗ್ತದ. ನಿಮ್ಮ ಕಾಲಿಗೆ ಬೀಳ್ತೀನಿ, ಕಾಲು ತಗೀರಿ."

ಆ ಕಡೆಯ ನಗು ನಿಂತಿತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಹಿಂದೆ ಹುಲಿಗೇಶ ಎದ್ದು ಬಂದು ಅವಳ ಪಕ್ಕದಲ್ಲಿ, ಮುಟ್ಟದೆ, ನಿಂತದ್ದು ಅವಳಿಗೆ ಗೊತ್ತಾಯಿತು. ಫೋನಿನಲ್ಲಿ ಗೇರು ಬದಲಾದ ಸದ್ದು ಕೇಳಿಸಿತು. ಮೇಲಕ್ಕೋ ಕೆಳಕ್ಕೋ ತಿಳಿಯಲಿಲ್ಲ. ಆ ಎತ್ತಿನ ಉಸಿರು ಮತ್ತೆ ಬರುತ್ತದೆಯೋ ಎಂದು ಅವಳು ಕಿವಿಗೊಟ್ಟಳು.